ವೈ ಇಲ್ಲದ ಇಲಿ, ಕೊಂಬಿಲ್ಲದ ಆಡು

1
ಆರು ವಾರದ ಮನುಷ್ಯ ಭ್ರೂಣ. ಉದ್ದ ಒಂದು ಸೆಂಟಿಮೀಟರಿನ ಆಸುಪಾಸು. ಹೃದಯ ಬಡಿಯುತ್ತಿದೆ. ಕೈ ಇನ್ನೂ ಚಪ್ಪಟೆ; ಬೆರಳುಗಳ ಗೆರೆ ಈಗಷ್ಟೇ ಮೂಡುತ್ತಿದೆ. ಹೊಟ್ಟೆಯೊಳಗೆ ಬೆನ್ನಿನ ಬದಿಗೆ ಒಂದು ತಾತ್ಕಾಲಿಕ ಮೂತ್ರಪಿಂಡವಿದೆ, ಮುಂದೆ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಅದರ ಮಗ್ಗುಲಲ್ಲಿ ಎರಡು ಸಣ್ಣ ದಿಂಡು. ಅವು ವೃಷಣವಲ್ಲ. ಅಂಡಾಶಯವೂ ಅಲ್ಲ.

2
ಏಳನೇ ವಾರದ ಹೊತ್ತಿಗೆ ಅಲ್ಲೇ ಎರಡು ಜೊತೆ ನಾಳಗಳು. ಮುಲ್ಲರ್ ನಾಳ ಉಳಿದರೆ ಮುಂದೆ ಗರ್ಭಕೋಶ ಮತ್ತು ಅಂಡನಾಳ. ವುಲ್ಫ್ ನಾಳ ಉಳಿದರೆ ವೀರ್ಯನಾಳ. ಹುಟ್ಟುವ ವೇಳೆಗೆ ಒಂದು ಜೊತೆ ಮಾಯ. ಆರಂಭದಲ್ಲಿ ಮಾತ್ರ ಎಲ್ಲರ ಹೊಟ್ಟೆಯಲ್ಲೂ ಎರಡೂ ಇದ್ದವು.

3
ಶ್ವಾಸಕೋಶದ ಮೊಳಕೆಗೆ ಶ್ವಾಸಕೋಶವಾಗುವುದು ಬಿಟ್ಟರೆ ಬೇರೆ ದಾರಿಯಿಲ್ಲ. ಯಕೃತ್ತಿನದೂ ಅದೇ ಕಥೆ. ಈ ದಿಂಡಿಗೆ ಮಾತ್ರ ಎರಡು ದಾರಿ.

4
ಪ್ಯಾರಿಸ್, 1947. ಆಲ್‌ಫ್ರೆಡ್ ಜೋಸ್ಟ್ ಬಸುರಿ ಮೊಲದ ಹೊಟ್ಟೆ ಕುಯ್ದು, ಗರ್ಭಕೋಶದೊಳಗಿದ್ದ ಭ್ರೂಣಗಳಿಂದ ವೃಷಣ ಅಥವಾ ಅಂಡಾಶಯವಾಗಲಿದ್ದ ಭಾಗವನ್ನು ತೆಗೆದರು. ಮತ್ತೆ ಹೊಲಿದು ಬಸುರು ಮುಂದುವರಿಯಲು ಬಿಟ್ಟರು. ದಿನ ತುಂಬುವ ಹೊತ್ತಿಗೆ ತೆಗೆದು ನೋಡಿದರೆ ಎಲ್ಲ ಮರಿಗಳಲ್ಲೂ ಹೆಣ್ಣಿನ ನಾಳಗಳೇ. ಗಂಡಾಗಬೇಕಿದ್ದ ಮರಿಗಳಲ್ಲೂ.

ಭ್ರೂಣದ ಮೇಲಿನ ಶಸ್ತ್ರಚಿಕಿತ್ಸೆ, ಅದೂ ತಾಯಿ ಬದುಕಿ, ಬಸುರು ನಿಂತು. ಆ ಕೈಚಳಕದ ಬಗ್ಗೆ ಪಠ್ಯಪುಸ್ತಕಗಳು ಒಂದು ಸಾಲನ್ನೂ ಖರ್ಚು ಮಾಡುವುದಿಲ್ಲ.

5
ಜೋಸ್ಟ್ ಇನ್ನೊಂದನ್ನೂ ಮಾಡಿ ನೋಡಿದರು. ವೃಷಣ ತೆಗೆದ ಭ್ರೂಣದಲ್ಲಿ ಗಂಡು ಹಾರ್ಮೋನಿನ ಹರಳೊಂದನ್ನು ಇಟ್ಟರು. ವುಲ್ಫ್ ನಾಳ ಉಳಿಯಿತು. ಮುಲ್ಲರ್ ನಾಳವೂ ಹೋಗಲಿಲ್ಲ. ಹಾಗಾದರೆ ಅದನ್ನು ಅಳಿಸುವ ವಸ್ತು ಬೇರೆಯೇ ಇರಬೇಕು ಅಂದರು. ಆ ವಸ್ತುವಿನ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ.

6
ಜೋಸ್ಟ್ ನಂತರ ಪುಸ್ತಕಗಳಲ್ಲಿ ಒಂದು ಮಾತು ನಿಂತುಬಿಟ್ಟಿತು: ಗಂಡಾಗಲು ಏನಾದರೂ ಆಗಬೇಕು, ಏನೂ ಆಗದಿದ್ದರೆ ಹೆಣ್ಣು.

2017ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಪ್ರಯೋಗಾಲಯವೊಂದು ಹೆಣ್ಣು ಇಲಿ ಭ್ರೂಣಗಳಲ್ಲಿ ಕೂಪ್-ಟಿಎಫ್2 ಎಂಬ ಜೀನನ್ನು ಇಲ್ಲವಾಗಿಸಿತು. ಗಂಡು ಹಾರ್ಮೋನು ಇರಲಿಲ್ಲ. ಆದರೂ ವುಲ್ಫ್ ನಾಳ ಹೋಗದೆ ನಿಂತಿತು. ತಾನಾಗಿ ಕರಗುತ್ತದೆ ಅಂದುಕೊಂಡಿದ್ದ ನಾಳವನ್ನು ಅಷ್ಟೂ ವರ್ಷ ಯಾರೋ ಕರಗಿಸುತ್ತಿದ್ದರು.

7
ಹಣ್ಣಿನ ನೊಣದಲ್ಲಿ ಎರಡು ಎಕ್ಸ್ ವರ್ಣತಂತು, ಒಂದು ವೈ ವರ್ಣತಂತು ಇದ್ದರೆ ಅದು ಹೆಣ್ಣು. ಒಂದೇ ಎಕ್ಸ್ ಇದ್ದು ವೈ ಇಲ್ಲದಿದ್ದರೆ ಗಂಡು. ಮನುಷ್ಯರಲ್ಲೂ ಹೀಗೇ ಇರಬೇಕೆಂದು ಬಹಳ ಕಾಲ ನಂಬಿದ್ದರು. 1959ರಲ್ಲಿ ಬ್ರಿಟನ್ನಿನಲ್ಲಿ ಎರಡು ಎಕ್ಸ್, ಒಂದು ವೈ ಇರುವ ವ್ಯಕ್ತಿಯ ವರ್ಣತಂತುಗಳನ್ನು ಎಣಿಸಿದರು. ಗಂಡಸು. ಅದೇ ವರ್ಷ ಒಂದೇ ಎಕ್ಸ್ ಇರುವ ಇನ್ನೊಬ್ಬರದನ್ನು ಎಣಿಸಿದರು. ಹೆಂಗಸು.

8
ವೈ ಮೇಲೆ ಏನೋ ಇದೆ. ಏನು? 1987ರಲ್ಲಿ ಅಮೆರಿಕದ ಡೇವಿಡ್ ಪೇಜ್ ತಂಡ ಒಂದು ಜೀನನ್ನು ತೋರಿಸಿ ಇದೇ ಇರಬೇಕು ಅಂದಿತು. ಹೆಸರು ಝಡ್‌ಎಫ್‌ವೈ. ಆಸ್ಟ್ರೇಲಿಯಾದಲ್ಲಿ ಕಾಂಗರೂ ಬಳಗದ ಪ್ರಾಣಿಗಳಲ್ಲಿ ಅದನ್ನೇ ಹುಡುಕಿದರು. ಸಿಕ್ಕಿತು, ಆದರೆ ವೈ ಮೇಲೆ ಅಲ್ಲ, ಎಕ್ಸ್ ಮೇಲೂ ಅಲ್ಲ. ಗಂಡುಹೆಣ್ಣಿಗೆ ಸಂಬಂಧವೇ ಇಲ್ಲದ ಇನ್ಯಾವುದೋ ವರ್ಣತಂತುವಿನ ಮೇಲೆ.

9
1990ರಲ್ಲಿ ಲಂಡನ್ನಿನಲ್ಲಿ ವೈ ಮೇಲಿನ ಆ ಜೀನ್, ಎಸ್‌ಆರ್‌ವೈ, ಸಿಕ್ಕಿತು. ಆಂಡ್ರ್ಯೂ ಸಿಂಕ್ಲೇರ್, ಪೀಟರ್ ಗುಡ್‌ಫೆಲೋ ಮತ್ತು ಸಂಗಡಿಗರು ಕಂಡುಹಿಡಿದದ್ದು. ಅದು ಮಾಡಿಸುವ ಮನುಷ್ಯ ಪ್ರೋಟೀನು 204 ಅಮೈನೋ ಆಮ್ಲಗಳದ್ದು. ಪ್ರೋಟೀನುಗಳ ಲೆಕ್ಕದಲ್ಲಿ ಕುಳ್ಳ.

10
ಮರುವರ್ಷ ಪೀಟರ್ ಕೂಪ್‌ಮನ್, ರಾಬಿನ್ ಲೋವೆಲ್-ಬ್ಯಾಜ್ ಮತ್ತಿತರರು ಆ ಜೀನಿರುವ 14 ಸಾವಿರ ಅಕ್ಷರಗಳಷ್ಟು ಡಿಎನ್‌ಎ ತುಂಡನ್ನು ಇಲಿಯ ಮೊದಲ ಕೋಶಕ್ಕೆ ಸೇರಿಸಿದರು. ಎರಡು ಎಕ್ಸ್ ಇರುವ ಒಂದು ಮರಿ ಗಂಡಾಗಿ ಹುಟ್ಟಿತು. ದಾಖಲೆಯಲ್ಲಿ ಅದರ ಸಂಖ್ಯೆ 33.13. ಪ್ರಯೋಗಾಲಯದಲ್ಲಿ ಕರೆಯುತ್ತಿದ್ದದ್ದು ರ‍್ಯಾಂಡಿ ಅಂತ. ಹೆಣ್ಣುಗಳ ಜೊತೆ ಕೂಡಿತು. ವೃಷಣ ಚಿಕ್ಕದು, ವೀರ್ಯಾಣು ಇಲ್ಲ. ಮರಿಗಳಾಗಲಿಲ್ಲ.

11
ಅದೇ ತುಂಡನ್ನು ಪಡೆದ ಬೇರೆ ಕೆಲವು ಎಕ್ಸ್‌ಎಕ್ಸ್ ಮರಿಗಳು ಹೆಣ್ಣಾಗಿಯೇ ಉಳಿದವು. ಅವುಗಳಿಗೆ ಯಾರೂ ಹೆಸರಿಟ್ಟ ಹಾಗಿಲ್ಲ.

12
ಇಲಿಯ ಬಸುರು ಸುಮಾರು 19-20 ದಿನ. ಎಸ್‌ಆರ್‌ವೈ ಕೆಲಸಕ್ಕಿಳಿಯುವುದು ಹತ್ತೂವರೆ ದಿನಕ್ಕೆ. ಹನ್ನೊಂದೂವರೆಗೆ ಏರುತ್ತದೆ. ಹನ್ನೆರಡೂವರೆಗೆ ಸುಮ್ಮನಾಗುತ್ತದೆ. ಎರಡು ದಿನದ ಕೆಲಸ.

13
ಜಪಾನಿನ ಸಂಶೋಧಕರು ಈ ಜೀನಿಗೆ ಬಿಸಿ ತಾಗಿದರೆ ಎದ್ದೇಳುವ ಸ್ವಿಚ್ಚೊಂದನ್ನು ಜೋಡಿಸಿ, ಬೇರೆಬೇರೆ ಹೊತ್ತಿನಲ್ಲಿ ಎಬ್ಬಿಸಿ ನೋಡಿದರು. 2009ರ ವರದಿ. ಹನ್ನೊಂದು ದಿನ ತುಂಬಿದ ಮೇಲಿನ ಮೊದಲ ಆರು ಗಂಟೆಯೊಳಗೆ ಎದ್ದರೆ ವೃಷಣ. ಅದು ದಾಟಿದ ಮೇಲೆ ಎದ್ದರೆ ಜೀನ್ ಕೆಲಸ ಮಾಡುತ್ತದೆ, ಪ್ರೋಟೀನೂ ತಯಾರಾಗುತ್ತದೆ, ವೃಷಣ ಮಾತ್ರ ನಿಲ್ಲುವುದಿಲ್ಲ.

14
ದಿಂಡಿನಲ್ಲಿ ಈ ಜೀನ್ ಒಟ್ಟಿಗೆ ಎಲ್ಲ ಕಡೆ ಏಳುವುದಿಲ್ಲ. ನಡುವಿನಲ್ಲಿ ಮೊದಲು, ಆಮೇಲೆ ಎರಡೂ ತುದಿಗಳ ಕಡೆಗೆ. ಇಲಿಗಳಲ್ಲಿ ಅರೆ ವೃಷಣ, ಅರೆ ಅಂಡಾಶಯವಾಗಿ ನಿಂತುಹೋದ ಅಂಗಗಳನ್ನು ಕುಯ್ದು ನೋಡಿದರೆ ಸಾಮಾನ್ಯವಾಗಿ ನಡುವೆ ವೃಷಣ, ತುದಿಗಳಲ್ಲಿ ಅಂಡಾಶಯ.

15
ಸ್ವಿಟ್ಜರ್‌ಲೆಂಡಿನ ಪೊಸ್ಕಿಯಾವೊ ಕಣಿವೆಯಲ್ಲೊಂದು ಬಗೆಯ ಇಲಿ. ಅದರ ವೈ ಅದರ ಮೈಯಲ್ಲಿ ಸರಿಯಾಗಿಯೇ ಗಂಡು ಮಾಡುತ್ತದೆ. ಅದೇ ವೈಯನ್ನು ಪ್ರಯೋಗಾಲಯದ ಒಂದು ಕರಿ ಇಲಿಯ ತಳಿಗೆ ತಳಿಸಂಕರದಿಂದ ತಂದಾಗ ಎಕ್ಸ್‌ವೈ ಮರಿಗಳಲ್ಲಿ ಅಂಡಾಶಯ ಬೆಳೆದವು, ಇಲ್ಲವೇ ಎರಡರ ಮಿಶ್ರಣ. ವೈ ಕೆಟ್ಟಿರಲಿಲ್ಲ. ಕರಿ ಇಲಿಯೂ ಕೆಟ್ಟಿರಲಿಲ್ಲ.

16
ದೊಡ್ಡ ಇಲಿಯ ವೃಷಣದಲ್ಲಿ ಎಸ್‌ಆರ್‌ವೈ ಮತ್ತೆ ಓದಿಸಿಕೊಳ್ಳುತ್ತದೆ. ಆದರೆ ಆಗ ಬರುವ ಆರ್‌ಎನ್‌ಎ ಎಳೆಯ ಎರಡೂ ತುದಿ ಸೇರಿ ಬಳೆಯಾಗಿರುತ್ತದೆ. ಅದರಿಂದ ಪ್ರೋಟೀನು ಬರುವುದಿಲ್ಲ. 1993ರಲ್ಲಿ ಕಂಡದ್ದು.

17
ಇಲಿಯ ಎಸ್‌ಆರ್‌ವೈ ಒಂದೇ ತುಂಡಿನ ಜೀನ್ ಎಂದು ಮೂವತ್ತು ವರ್ಷ ಎಲ್ಲರೂ ಬರೆದರು. ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಅದನ್ನು ಅಕ್ಷರ ಅಕ್ಷರ ಓದಿದ್ದವು. 2020ರಲ್ಲಿ ಜಪಾನಿನ ಮಕೋತೊ ತಾಚಿಬಾನಾ ತಂಡ ಎರಡನೇ ತುಂಡನ್ನು ತೋರಿಸಿತು. ಆ ತುಂಡು ತೆಗೆದರೆ ಎಕ್ಸ್‌ವೈ ಇಲಿ ಹೆಣ್ಣಾಗುತ್ತದೆ.

18
ಎಸ್‌ಆರ್‌ವೈ ಎಬ್ಬಿಸುವುದು ಸಾಕ್ಸ್9 ಎಂಬ ಇನ್ನೊಂದು ಜೀನನ್ನು. ಅದು ವೈ ಮೇಲಿಲ್ಲ, ಹೆಣ್ಣು ಗಂಡು ಇಬ್ಬರಲ್ಲೂ ಇದೆ. ಮೂಳೆಗೆ ಮುಂಚಿನ ಮೃದ್ವಸ್ಥಿ ಬೆಳೆಯಲೂ ಅದೇ ಬೇಕು. ಅದರ ಒಂದು ಪ್ರತಿ ಕೆಟ್ಟ ಮಕ್ಕಳ ಕಾಲಿನ ಮೂಳೆ ಬಾಗಿರುತ್ತದೆ. ಆ ಮಕ್ಕಳಲ್ಲಿ ಎಕ್ಸ್‌ವೈ ಇರುವವರು ಹೆಚ್ಚಿನಂಶ ಹೆಣ್ಣಿನ ರೂಪದಲ್ಲಿ ಹುಟ್ಟುತ್ತಾರೆ.

19
ಇಲಿಯ ಡಿಎನ್‌ಎಯಲ್ಲಿ ಸಾಕ್ಸ್9ರಿಂದ 5 ಲಕ್ಷದ 65 ಸಾವಿರ ಅಕ್ಷರ ಆಚೆ 557 ಅಕ್ಷರಗಳ ಒಂದು ಗೆರೆ. ಅದು ಜೀನಲ್ಲ. ಯಾವ ಪ್ರೋಟೀನನ್ನೂ ಬರೆಯುವುದಿಲ್ಲ. 2018ರಲ್ಲಿ ಅದನ್ನು ಕತ್ತರಿಸಿ ತೆಗೆದರು. ಎಕ್ಸ್‌ವೈ ಮರಿಗಳು ಅಂಡಾಶಯದೊಂದಿಗೆ ಹುಟ್ಟಿದವು. ಅವುಗಳ ಎಸ್‌ಆರ್‌ವೈ ಮುಟ್ಟಿರಲಿಲ್ಲ.

20
ಎಕ್ಸ್‌ಎಕ್ಸ್ ಭ್ರೂಣ ಒಂದು, ಎಕ್ಸ್‌ವೈ ಭ್ರೂಣ ಒಂದು; ಎರಡನ್ನೂ ಸೇರಿಸಿ ಒಂದೇ ಇಲಿ ಮಾಡಬಹುದು. ಹಾಗೆ ಮಾಡಿ, ವೃಷಣ ಬಂದವುಗಳಲ್ಲಿ ವೀರ್ಯಾಣುಗಳನ್ನು ಸಾಕುವ ಸರ್ಟೋಲಿ ಕೋಶಗಳನ್ನು ಎಣಿಸಿದರು. ಬಹುಪಾಲು ಎಕ್ಸ್‌ವೈ. ಆದರೆ ಕೆಲವು ಎಕ್ಸ್‌ಎಕ್ಸ್. ಎಸ್‌ಆರ್‌ವೈ ಇಲ್ಲದ ಕೋಶ, ಪಕ್ಕದವರು ಏನು ಮಾಡುತ್ತಿದ್ದಾರೋ ಅದನ್ನೇ ಮಾಡುತ್ತಿದೆ.

21
ಮುಂದೆ ಅಂಡಾಣು ಅಥವಾ ವೀರ್ಯಾಣು ಆಗಲಿರುವ ಕೋಶಗಳು ಈ ದಿಂಡಿನಲ್ಲಿ ಹುಟ್ಟುವುದಿಲ್ಲ. ಭ್ರೂಣದ ಹಿಂಭಾಗದಿಂದ ಕರುಳಿನ ಗುಂಟ ನಡೆದುಕೊಂಡು ಬರುತ್ತವೆ. ಕೆಲವು ದಾರಿ ತಪ್ಪಿ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗೆ ಹೋಗಿ ಸೇರುತ್ತವೆ. ಇಲಿಗಳಲ್ಲಿ ಹಾಗೆ ದಾರಿ ತಪ್ಪಿದವನ್ನು ನೋಡಿದ್ದಾರೆ. ಎಕ್ಸ್‌ವೈ ಇರಲಿ, ಎಕ್ಸ್‌ಎಕ್ಸ್ ಇರಲಿ, ಅಲ್ಲಿ ಅವು ಅಂಡಾಣುವಿನ ದಾರಿಯನ್ನೇ ಹಿಡಿಯುತ್ತವೆ.

22
ಯುರೋಪಿನ ಹಾಲಿನ ಆಡುಗಳು. ಕೊಂಬಿಲ್ಲದವು ಬೇಕೆಂದು ಸಾಕುವವರು ಆರಿಸುತ್ತ ಬಂದರು. ಕೊಂಬು ಹಾಯುವುದಿಲ್ಲ, ಬೇಲಿಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಕೊಂಬಿಲ್ಲದ ಆಡಿಗೆ ಕೊಂಬಿಲ್ಲದ ಹೋತವನ್ನೇ ಕೂಡಿಸಿದಾಗ ಹೆಣ್ಣುಮರಿ ಕಡಿಮೆಯಾದವು. ಅತ್ತ ಹೆಣ್ಣೂ ಅಲ್ಲದ ಇತ್ತ ಗಂಡೂ ಅಲ್ಲದ ಮರಿಗಳು ಬಂದವು. ತಾಯಿತಂದೆಯಲ್ಲಿ ಒಂದಕ್ಕಾದರೂ ಕೊಂಬಿರಲಿ ಎಂಬುದು ಸಾಕುವವರ ಲೆಕ್ಕವಾಯಿತು.

2001ರಲ್ಲಿ ಫ್ರಾನ್ಸಿನವರು ಕಾರಣ ಕಂಡುಹಿಡಿದರು. 11,700 ಅಕ್ಷರಗಳಷ್ಟು ಡಿಎನ್‌ಎ ಕಾಣೆಯಾಗಿದೆ. ಒಂದು ಪ್ರತಿಯಲ್ಲಿ ಕಾಣೆಯಾದರೆ ಕೊಂಬಿಲ್ಲ. ಎರಡರಲ್ಲೂ ಕಾಣೆಯಾದರೆ ಕೊಂಬೂ ಇಲ್ಲ, ಎಕ್ಸ್‌ಎಕ್ಸ್ ಮರಿಗೆ ಅಂಡಾಶಯವೂ ಇಲ್ಲ. ತಲೆಯ ಮೇಲಿನದಕ್ಕೂ ಹೊಟ್ಟೆಯೊಳಗಿನದಕ್ಕೂ ಒಂದೇ ತುಂಡು.

23
ಇಟಲಿಯ ಒಂದು ಕುಟುಂಬ, ಸಂಬಂಧದೊಳಗೆ ಮದುವೆ. ಅಣ್ಣತಮ್ಮಂದಿರು. ಎಲ್ಲರಿಗೂ ಎರಡು ಎಕ್ಸ್. ಯಾರಲ್ಲೂ ಎಸ್‌ಆರ್‌ವೈ ಇಲ್ಲ. ಎಲ್ಲರೂ ಗಂಡಸರು. ಎಲ್ಲರ ಅಂಗೈ ಅಂಗಾಲಿನ ಚರ್ಮ ದಪ್ಪ. ಆರ್‌ಸ್ಪಾಂಡಿನ್1 ಎಂಬ ಒಂದೇ ಜೀನ್ ಕೆಟ್ಟಿತ್ತು. 2006ರ ವರದಿ.

24
ಕೊಂಬು. ಅಂಗೈ. ಕಾಲಿನ ಮೂಳೆ.

25
ಜಪಾನಿನ ಅಮಾಮಿ ಓಶಿಮಾ ದ್ವೀಪ. ಕಾಡಿನಲ್ಲಿ ಒಂದು ಮುಳ್ಳಿಲಿ, ಅಳಿವಿನ ಅಂಚಿನದು. ವರ್ಣತಂತು 25. ಬೆಸಸಂಖ್ಯೆ, ಏಕೆಂದರೆ ಎಕ್ಸ್ ಒಂಟಿ. ಗಂಡಿನಲ್ಲೂ ಒಂಟಿ, ಹೆಣ್ಣಿನಲ್ಲೂ ಒಂಟಿ. ವೈ ಇಲ್ಲ. ಎಸ್‌ಆರ್‌ವೈ ಇಲ್ಲ. ಗಂಡುಗಳು ಮಾತ್ರ ಇವೆ, ವೃಷಣ ಸರಿಯಾಗಿದೆ, ಮರಿಗಳಾಗುತ್ತಿವೆ.

ಪಕ್ಕದ ತೊಕುನೊಶಿಮಾ ದ್ವೀಪದ ಮುಳ್ಳಿಲಿಗೆ 45. ಅದರಲ್ಲೂ ವೈ ಇಲ್ಲ. ಇನ್ನೂ ತೆಂಕಲಿಗೆ ಒಕಿನಾವಾದ ಮುಳ್ಳಿಲಿಗೆ 44. ಅದರಲ್ಲಿ ವೈ ಇದೆ, ಎಸ್‌ಆರ್‌ವೈಯ ಹಲವು ಪ್ರತಿಗಳೂ ಇವೆ.

2022ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯದ ಅಸಾತೊ ಕುರೊಯಿವಾ ತಂಡ ಅಮಾಮಿಯ ಇಲಿಗಳಲ್ಲಿ ಗಂಡಿಗಿದ್ದು ಹೆಣ್ಣಿಗಿಲ್ಲದ ಒಂದನ್ನು ಹುಡುಕಿ ತೆಗೆಯಿತು. ಸಾಕ್ಸ್9ರ ಮುಂಭಾಗದಲ್ಲಿ 17 ಸಾವಿರ ಅಕ್ಷರಗಳ ಒಂದು ಭಾಗ ಎರಡು ಸಲ ಬಂದಿದೆ. ಗಂಡುಗಳಲ್ಲೂ ಒಂದೇ ಪ್ರತಿಯ ಮೇಲೆ.

26
ಮಧ್ಯ ಏಷ್ಯಾದಲ್ಲಿ ಬಿಲ ತೋಡಿ ಬದುಕುವ ಇನ್ನೊಂದು ದಂಶಕವಿದೆ. ಗಂಡಿಗೂ ಎಕ್ಸ್‌ಎಕ್ಸ್, ಹೆಣ್ಣಿಗೂ ಎಕ್ಸ್‌ಎಕ್ಸ್.

27
ಪ್ಲ್ಯಾಟಿಪಸ್‌ಗೆ ಹತ್ತು ಲಿಂಗ ವರ್ಣತಂತುಗಳು. ಗಂಡಿನಲ್ಲಿ ಐದು ಎಕ್ಸ್, ಐದು ವೈ. ಎಸ್‌ಆರ್‌ವೈ ಒಂದರ ಮೇಲೂ ಇಲ್ಲ.

28
ನಮ್ಮ ಪಶ್ಚಿಮಘಟ್ಟದಲ್ಲಿ ನಾಯಿಯ ಹಾಗೆ ಬೊಗಳುವ ಕಾಡುಕುರಿ, ಇಂಗ್ಲಿಷಿನವರ ಮುಂಟ್‌ಜಾಕ್. ಭಾರತದ ಮುಂಟ್‌ಜಾಕ್ ಹೆಣ್ಣಿಗೆ ವರ್ಣತಂತು 6. ಗಂಡಿಗೆ 7. ಸಸ್ತನಿಗಳಲ್ಲಿ ಇದಕ್ಕಿಂತ ಕಡಿಮೆ ಯಾರಿಗೂ ಇಲ್ಲ. ಎಕ್ಸ್ ಬೇರೊಂದು ವರ್ಣತಂತುವಿಗೆ ಅಂಟಿಕೊಂಡಿದೆ. ಹಾಗಾಗಿ ಗಂಡಿನಲ್ಲಿ ಒಂದು ಹೆಚ್ಚು. ಚೀನಾದ ಮುಂಟ್‌ಜಾಕ್‌ಗೆ 46, ಮನುಷ್ಯನಷ್ಟೇ. ಎರಡನ್ನೂ ಪಕ್ಕದಲ್ಲಿ ನಿಲ್ಲಿಸಿದರೆ ದಾಯಾದಿಗಳೆಂದು ಯಾರಾದರೂ ಹೇಳಿಯಾರು.

29
ಆಸ್ಟ್ರೇಲಿಯಾದ ಟಮ್ಮಾರ್ ವಾಲಬಿಯಲ್ಲಿ ವೃಷಣಚೀಲ ವೃಷಣಕ್ಕಿಂತ ಮೊದಲು ಮೂಡುತ್ತದೆ. ಹಾರ್ಮೋನು ಇನ್ನೂ ಇರುವುದಿಲ್ಲ. ಚೀಲ ಯಾವುದಾಗಬೇಕು ಎಂಬುದು ಎಕ್ಸ್‌ಗಳ ಸಂಖ್ಯೆಯನ್ನು ನೋಡಿಕೊಂಡು ಆಗುತ್ತದೆ. ಎಕ್ಸ್‌ಎಕ್ಸ್‌ವೈ ವಾಲಬಿ: ಒಳಗೆ ವೃಷಣ, ಹೊರಗೆ ಮರಿ ಸಾಕುವ ಚೀಲ. ಒಂಟಿ ಎಕ್ಸ್ ವಾಲಬಿ: ಒಳಗೆ ಅಂಡಾಶಯ, ಹೊರಗೆ ವೃಷಣವಿಲ್ಲದ ವೃಷಣಚೀಲ.

30
ಪಕ್ಕದ ಮನೆಯ ಮೂರು ಬಣ್ಣದ ಬೆಕ್ಕು ಕಾಂಪೌಂಡಿನ ಮೇಲೆ ಮಲಗಿದೆ. ಎಡಗಿವಿ ಕಪ್ಪು. ಬಲಗಿವಿ ಕೇಸರಿ. ಮೂಗಿನ ಮೇಲೆ ಎರಡೂ ಸೇರುವ ಗೆರೆ ನಡುವಿನಲ್ಲಿಲ್ಲ, ಕೊಂಚ ಬಲಕ್ಕೆ ಸರಿದಿದೆ. ಕಪ್ಪಿನೊಳಗೆ, ಭುಜದ ಹತ್ತಿರ, ಉಗುರಗಲದ ಒಂದು ಕೇಸರಿ ಮಚ್ಚೆ. ಹೊಟ್ಟೆ ಬಿಳಿ.

ಭ್ರೂಣವಾಗಿದ್ದಾಗ ಪ್ರತಿ ಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿತು. ಇಲ್ಲಿ ಅಪ್ಪನದು, ಅಲ್ಲಿ ಅಮ್ಮನದು. ಮುಚ್ಚಿದ್ದನ್ನು ಆ ಕೋಶದ ಸಂತತಿಯೆಲ್ಲ ಮುಚ್ಚಿಯೇ ಇಟ್ಟುಕೊಂಡಿತು. ಮೇರಿ ಲಯನ್ 1961ರಲ್ಲಿ ಇಲಿಗಳ ಬಣ್ಣ ನೋಡಿ ಹೇಳಿದ್ದು ಇದನ್ನೇ. ಬಿಳಿಯ ಕಾರಣ ಬೇರೆ. ಅದಕ್ಕೂ ಎಕ್ಸ್‌ಗೂ ಸಂಬಂಧವಿಲ್ಲ.

31
ಆ ಕೇಸರಿ ಬಣ್ಣದ ಜೀನ್ ಯಾವುದೆಂದು 2025ರವರೆಗೆ ಅಚ್ಚಾಗಿರಲಿಲ್ಲ. ಎಕ್ಸ್ ಮೇಲೆ ಸುಮಾರು 5 ಸಾವಿರ ಅಕ್ಷರ ಕಾಣೆಯಾಗಿರುವುದೇ ಕಾರಣವೆಂದು ಜಪಾನಿನ ಒಂದು ತಂಡ, ಅಮೆರಿಕದ ಒಂದು ತಂಡ ಒಟ್ಟಿಗೆ ಪ್ರಕಟಿಸಿದವು. ಮತ್ತೆ ಒಂದು ಕಾಣೆಯಾದ ತುಂಡು.

32
ಟೆಕ್ಸಾಸ್, 2001ರ ಡಿಸೆಂಬರ್. ರೇನ್‌ಬೋ ಎಂಬ ಮೂರು ಬಣ್ಣದ ಬೆಕ್ಕಿನ ಒಂದು ಕೋಶದಿಂದ ತದ್ರೂಪಿ ಮರಿ ಹುಟ್ಟಿಸಿದರು. ಹೆಸರು ಸಿಸಿ. ಮೈಮೇಲೆ ಕೇಸರಿ ಒಂದು ಚುಕ್ಕೆಯೂ ಇರಲಿಲ್ಲ.

33
ಕಾಂಗರೂ ಬಳಗದಲ್ಲಿ ಮುಚ್ಚುವುದು ಯಾವಾಗಲೂ ಅಪ್ಪನ ಎಕ್ಸ್. ಇಲಿಯ ಮೈಯಲ್ಲಿ ಯಾವುದಾದರೂ ಒಂದು. ಆದರೆ ಆ ಇಲಿಯನ್ನು ಹೊತ್ತ ಮಾಸಿನಲ್ಲಿ ಅಪ್ಪನದೇ.

34
ಸ್ಕ್ಯಾನಿಂಗ್ ಸೆಂಟರ್. ಗೋಡೆಯ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಫಲಕ: ಭ್ರೂಣಲಿಂಗ ಪತ್ತೆ ಇಲ್ಲಿ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ. 1994ರ ಕಾನೂನು. ಕೌಂಟರಿನ ಹುಡುಗಿ ಪ್ರತಿ ಬಸುರಿಗೂ ಫಾರ್ಮ್ ಎಫ್ ತುಂಬುತ್ತಾಳೆ. ಈಗ ಎಷ್ಟು ಮಕ್ಕಳು, ಗಂಡೆಷ್ಟು, ಹೆಣ್ಣೆಷ್ಟು ಎಂದು ಅದರಲ್ಲಿ ಬರೆಯಬೇಕು.

ಫಲಕದ ಕೆಳಗಿನ ಬೆಂಚಿನಲ್ಲಿ ಅತ್ತೆ, ಸೊಸೆ.
“ಹುಳಿ ಬೇಕನ್ನಿಸ್ತದೋ, ಸಿಹೀನೋ?”
“ಎರಡೂ ಬೇಡ ಅತ್ತೆ, ನಿದ್ದೆ ಬೇಕು.”

35
ತಾಚಿಬಾನಾ ತಂಡದ ಇನ್ನೊಂದು ಕೆಲಸ, 2025. ಬಸುರಿ ಇಲಿಯ ಮೈಯಲ್ಲಿ ಕಬ್ಬಿಣದಂಶ ತೀರ ಕಡಿಮೆ ಮಾಡಿದರು. ಎಸ್‌ಆರ್‌ವೈ ಸುತ್ತ ಬಿಗಿದುಕೊಂಡಿರುವ ರಾಸಾಯನಿಕ ಗುರುತುಗಳನ್ನು ಸಡಿಲಿಸುವ ಕಿಣ್ವಕ್ಕೆ ಕಬ್ಬಿಣ ಬೇಕು. ಕೆಲವು ಎಕ್ಸ್‌ವೈ ಮರಿಗಳು ಅಂಡಾಶಯದೊಂದಿಗೆ ಹುಟ್ಟಿದವು. ಬಹುಪಾಲು ಎಕ್ಸ್‌ವೈ ಮರಿಗಳು ಗಂಡಾಗಿಯೇ ಹುಟ್ಟಿದವು. ಇದು ಇಲಿಯ ಮಾತು. ಅತ್ತೆ ಸೊಸೆಯರ ಬೆಂಚಿನವರೆಗೆ ಎಳೆಯಬಾರದು.

36
ಅಟ್ಲಾಂಟಾ ಒಲಿಂಪಿಕ್ಸ್, 1996. 3,387 ಮಂದಿ ಕ್ರೀಡಾಪಟು ಹೆಂಗಸರ ಪರೀಕ್ಷೆ. ಎಂಟು ಮಂದಿಯಲ್ಲಿ ಎಸ್‌ಆರ್‌ವೈ. ಏಳು ಮಂದಿಯ ಮೈ ಗಂಡು ಹಾರ್ಮೋನಿಗೆ ಪೂರ್ತಿಯೋ ಅರ್ಧವೋ ಕಿವುಡು. ಎಂಟೂ ಮಂದಿಗೆ ಆಡಲು ಬಿಟ್ಟರು. ಆಮೇಲೆ ಪರೀಕ್ಷೆಯನ್ನೇ ಕೈಬಿಟ್ಟರು.

2025ರ ಸೆಪ್ಟೆಂಬರಿನಿಂದ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಎಸ್‌ಆರ್‌ವೈ ಪರೀಕ್ಷೆಯನ್ನು ಮತ್ತೆ ತಂದಿತು. ಜೀನನ್ನು ಕಂಡುಹಿಡಿದ ಸಿಂಕ್ಲೇರ್, ಅದನ್ನು ಹೀಗೆ ಬಳಸುವುದು ಸರಿಯಲ್ಲ ಎಂದು ಬರೆದರು.

37
ಡಬ್ಲ್ಯುಟಿ1 ಎಂಬ ಜೀನಿನಿಂದ ಎರಡು ಬಗೆಯ ಪ್ರೋಟೀನು. ಒಂದರಲ್ಲಿ ಮೂರು ಅಮೈನೋ ಆಮ್ಲ ಹೆಚ್ಚು. ಅಷ್ಟೇ ವ್ಯತ್ಯಾಸ. ಆ ಮೂರು ಇರುವ ಬಗೆ ಕಡಿಮೆಯಾದರೆ ಎಕ್ಸ್‌ವೈ ಮಗು ಹೆಣ್ಣಿನ ರೂಪದಲ್ಲಿ ಹುಟ್ಟುತ್ತದೆ. ಆ ಮೂರು ಇಲ್ಲದ ಬಗೆಯೇ ಇರದಿದ್ದರೆ ಇಲಿಯಲ್ಲಿ ಅಂಡಾಶಯ ಆಗುವುದಿಲ್ಲ. ಎರಡನೆಯದು ಗೊತ್ತಾದದ್ದು 2023ರಲ್ಲಿ. ಹೆಣ್ಣಿಗೂ ಏನಾದರೂ ಆಗಬೇಕು.

38
ಬೆಳೆದ ಹೆಣ್ಣು ಇಲಿ. ಹುಟ್ಟಿ, ದೊಡ್ಡದಾಗಿ, ಎಲ್ಲ ಮುಗಿದಿದೆ. ಅಂಡಾಶಯದಲ್ಲಿ ಫಾಕ್ಸ್‌ಎಲ್2 ಎಂಬ ಜೀನನ್ನು ತೆಗೆದರು. ಅಲ್ಲಿನ ಕೋಶಗಳು ಸರ್ಟೋಲಿ ಕೋಶಗಳ ಹಾಗಾದವು. ಗಂಡು ಹಾರ್ಮೋನು ಏರಿತು. 2009. ಆಡಿನ ಕಾಣೆಯಾದ ತುಂಡಿಗೂ ಈ ಜೀನಿಗೂ ಸಂಬಂಧವಿದೆ.

39
ಎರಡು ವರ್ಷ ಬಿಟ್ಟು, ಗಂಡು ಇಲಿಯ ವೃಷಣದಲ್ಲಿ ಡಿಎಮ್‌ಆರ್‌ಟಿ1 ತೆಗೆದು ನೋಡಿದರು. ಸರ್ಟೋಲಿ ಕೋಶಗಳು ಅಂಡಾಶಯದ ಕೋಶಗಳ ಹಾಗಾದವು.

40
ಸ್ಪೇನಿನ ಮೋಲ್. ಮಣ್ಣಿನಡಿ ಬದುಕು, ಹೆಣ್ಣಿಗೂ ಗಂಡಿನಷ್ಟೇ ತೋಳು. ಹೆಣ್ಣಿನ ಹೊಟ್ಟೆಯಲ್ಲಿ ಅಂಡಾಶಯದ ಜೊತೆಗೇ ವೃಷಣದಂಥ ಒಂದು ಭಾಗ ಅಂಟಿಕೊಂಡಿದೆ. ಅದರಲ್ಲಿ ವೀರ್ಯಾಣು ಇಲ್ಲ, ಗಂಡು ಹಾರ್ಮೋನು ಧಾರಾಳ. ಒಂದು ಎರಡು ಹೆಣ್ಣಿಗಲ್ಲ, ಎಲ್ಲವಕ್ಕೂ. ಮರಿ ಹಾಕುತ್ತವೆ, ಹಾಲೂಡಿಸುತ್ತವೆ.

41
ಹಸು ಅವಳಿ ಹಾಕಿತು. ಒಂದು ಹೋರಿಗರು, ಒಂದು ಹೆಣ್ಣುಗರು. ಹೆಣ್ಣುಗರು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಲ ಗೊಡ್ಡು. ಜಾನ್ ಹಂಟರ್ 1779ರಲ್ಲೇ ಇದರ ಬಗ್ಗೆ ಬರೆದಿದ್ದಾನೆ. ಇಬ್ಬರ ಮಾಸಿನ ರಕ್ತನಾಳ ಕೂಡಿಕೊಂಡು ತಮ್ಮನ ಹಾರ್ಮೋನು ಅಕ್ಕನ ಮೈಗೆ ಹರಿಯುತ್ತದೆ ಎಂದು ಶಿಕಾಗೊದ ಫ್ರ್ಯಾಂಕ್ ಲಿಲ್ಲಿ 1916ರ ಸುಮಾರಿಗೆ ವಿವರಿಸಿದರು. ಅಕ್ಕ ಎಂದೆ, ಯಾವುದು ಮೊದಲು ಹುಟ್ಟಿತೆಂದು ನೋಡಿ ಹೇಳಿದ್ದಲ್ಲ.

42
ದಕ್ಷಿಣ ಅಮೆರಿಕದ ಮಾರ್ಮೊಸೆಟ್ ಕೋತಿ ಹಾಕುವುದು ಸಾಮಾನ್ಯವಾಗಿ ಅವಳಿ. ಮಾಸಿನ ರಕ್ತನಾಳ ಅಲ್ಲೂ ಕೂಡಿಕೊಳ್ಳುತ್ತದೆ, ರಕ್ತ ಬೆರೆಯುತ್ತದೆ. ದೊಡ್ಡದಾದ ಮೇಲೂ ಒಂದರ ರಕ್ತದಲ್ಲಿ ಇನ್ನೊಂದರ ಕೋಶ ಸಿಗುತ್ತದೆ. ಗಂಡಿನ ಜೊತೆ ಹುಟ್ಟಿದ ಹೆಣ್ಣು ಕಾಲಕ್ಕೆ ಸರಿಯಾಗಿ ಬೆದೆಗೆ ಬಂದು ಮರಿ ಹಾಕುತ್ತದೆ, ಅವೂ ಅವಳಿಯೇ. ಹಸುವಿಗೆ ಆಗುವುದು ಇದಕ್ಕೆ ಏಕೆ ಆಗುವುದಿಲ್ಲ?